ಊರ ಹೆಸರು ಮತ್ತು ಗಣಕಯಂತ್ರ: ಅಕ್ಷರಸರಣಿಗಳ ಪ್ರಕಾರ ನಿರ್ಣಯ

ಶಾಲೆಯೊಂದರ ದಾಖಲಾತಿ ಪುಸ್ತಕವು ಆ ಶಾಲೆಯ ಇತಿಹಾಸಕ್ಕೆ ಮೂಲಾಧಾರ. ವಿದ್ಯಾರ್ಥಿಯ ಹೆಸರು, ತಂದೆತಾಯಿಯರ ಹೆಸರು, ಜನ್ಮದಿನಾಂಕ, ಊರು, ಸೇರಿದ ತರಗತಿ ಮೊದಲಾದ ವಿವರಗಳು ಅಲ್ಲಿ ಗೆರೆ ಎಳೆದ ಒಂದೊಂದು ಅಂಕಣದಲ್ಲಿ ನೆಲೆಗೊಂಡಿರುತ್ತವೆ. ವಿದ್ಯಾರ್ಥಿಯು ಶಾಲೆಯನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ವರ್ಗಾವಣೆ ಪತ್ರದ ಪ್ರತಿಯನ್ನೋ ಜನ್ಮದಿನಾಂಕದ ದೃಢೀಕರಣವನ್ನೋ ಬೇಡಿ ಬಂದಾಗ ಆ ಪುಸ್ತಕವೇ ಅವನ ಪಾಲಿಗೆ ಸಾಕ್ಷಿಯಾಗುತ್ತದೆ. ಇಂದು ಈ ಪುಸ್ತಕದ ಕೆಲಸವನ್ನು ಗಣಕಯಂತ್ರಗಳು ವಹಿಸಿಕೊಂಡಿವೆ. ಆದರೆ ಕಾಗದದ ಮೇಲೆ ಕಣ್ಣಿಗೆ ಕಾಣುತ್ತಿದ್ದ ಅಂಕಣದ ತಲೆಬರಹವು ಗಣಕಯಂತ್ರದೊಳಗೆ ತಾನಾಗಿ ಬರುವುದಿಲ್ಲ. ‘ಇದು ಹೆಸರು, ಇದು ಸಂಖ್ಯೆ, ಇದು ಕನ್ನಡ, ಇದು ರೋಮನ್’ ಎಂಬ ಭೇದವನ್ನು ಪ್ರತಿಯೊಂದು ವಿವರದೊಂದಿಗೂ ಯಾರಾದರೂ ಬರೆದಿಡಲೇಬೇಕು. ಅದನ್ನು ಬರೆಯುವವರು ಮನುಷ್ಯರೋ ಅಥವಾ ಯಂತ್ರವೇ ಊಹಿಸಿಕೊಳ್ಳಬೇಕೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಕೇವಲ ತಾಂತ್ರಿಕವೆಂದು ತೋರಿದರೂ ಕನ್ನಡದಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಸಂಬಂಧಿಸಿದುದಾಗಿದೆ.

ಈ ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳಲು ಬೆಂಗಳೂರಿನ ಪಶ್ಚಿಮಕ್ಕೆ ಮಾಗಡಿ ರಸ್ತೆಯಲ್ಲಿರುವ ಬ್ಯಾಡರಹಳ್ಳಿಯ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಒಂದು ಹೆಸರು, ಮೂರು ಎಣಿಕೆ

‘ಬ್ಯಾಡರಹಳ್ಳಿ’ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಪ್ರಾಥಮಿಕ ಶಾಲೆಯ ಬಾಲಕನೂ ಬ್ಯಾ, ಡ, ರ, ಹ, ಳ್ಳಿ ಎಂದು ಬೆರಳು ಮಡಿಸಿ ಐದು ಎನ್ನುವನು. ಕನ್ನಡದ ಕಾಗುಣಿತದ ದೃಷ್ಟಿಯಿಂದ ಆ ಉತ್ತರ ಸರಿಯಾದುದೇ. ಆದರೆ ಗಣಕಯಂತ್ರವು ಅದೇ ಹೆಸರನ್ನು ಬೇರೆ ರೀತಿಯಲ್ಲಿ ಎಣಿಸುತ್ತದೆ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಅದರಂತೆ ‘ಬ್ಯಾ’ ಎಂಬ ಒಂದೇ ಅಕ್ಷರವು ಬಕಾರ, ವಿರಾಮಚಿಹ್ನೆ, ಯಕಾರ, ಆಕಾರದ ಚಿಹ್ನೆ ಎಂಬ ನಾಲ್ಕು ಘಟಕಗಳಿಂದ ಕೂಡಿದುದು. ಅವುಗಳ ಸಂಖ್ಯೆಗಳು ಕ್ರಮವಾಗಿ 3244, 3277, 3247 ಮತ್ತು 3262. ‘ಳ್ಳಿ’ಯಲ್ಲಿಯೂ ನಾಲ್ಕು ಘಟಕಗಳಿವೆ. ಹೀಗೆ ಇಡೀ ಹೆಸರಿನಲ್ಲಿ ಒಟ್ಟು 11 ಘಟಕಗಳಾಗುತ್ತವೆ.

ಇಷ್ಟಕ್ಕೇ ಎಣಿಕೆ ನಿಲ್ಲುವುದಿಲ್ಲ. ಈ ಘಟಕಗಳನ್ನು ಸ್ಮೃತಿಕೋಶದಲ್ಲಿ ಇರಿಸುವಾಗ ಅಥವಾ ತಂತಿಯ ಮೂಲಕ ಕಳುಹಿಸುವಾಗ ಅವು ಬೈಟುಗಳಾಗಿ ಒಡೆಯಲ್ಪಡಬೇಕು. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಮಾತ್ರ ಹಿಡಿಯುತ್ತದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬ ಇಬ್ಬರು ತಜ್ಞರು ರೂಪಿಸಿದ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಘಟಕವೂ ಮೂರು ಬೈಟುಗಳನ್ನು ಬೇಡುತ್ತದೆ. ಬಕಾರವು 224, 178, 172 ಎಂದಾಗುತ್ತದೆ. ಆದುದರಿಂದ ಬ್ಯಾಡರಹಳ್ಳಿ ಎಂಬ ಹೆಸರು 33 ಬೈಟುಗಳಷ್ಟು ಉದ್ದವಾಗುತ್ತದೆ. ರೋಮನ್ ಲಿಪಿಯಲ್ಲಿ ಇದೇ ಹೆಸರನ್ನು ವಾಡಿಕೆಯ ರೀತಿಯಲ್ಲಿ ಬರೆದರೆ 12 ಅಕ್ಷರಗಳು, 12 ಘಟಕಗಳು, 12 ಬೈಟುಗಳು. ಅಲ್ಲಿ ಮೂರು ಎಣಿಕೆಗಳೂ ಒಂದೇ ಆಗಿರುವುದರಿಂದ ಅವುಗಳ ನಡುವಿನ ಭೇದವನ್ನು ಯಾರೂ ಗಮನಿಸುವ ಪ್ರಸಂಗವೇ ಬರುವುದಿಲ್ಲ. ಕನ್ನಡದಲ್ಲಿ 5, 11, 33 ಎಂಬ ಮೂರು ಬೇರೆ ಬೇರೆ ಉತ್ತರಗಳಿರುವುದರಿಂದ ಭೇದವು ಎದ್ದು ಕಾಣುತ್ತದೆ.

ಊರಿನ ಹೆಸರಿಗೆ 20 ಬೈಟುಗಳು ಸಾಕೆಂದು ನಿರ್ಧರಿಸಿದ ಒಂದು ಪಟ್ಟಿಯನ್ನು ಕಲ್ಪಿಸಿಕೊಳ್ಳೋಣ. ರೋಮನ್ ಲಿಪಿಯ ಹೆಸರು ಅದರಲ್ಲಿ ಸುಖವಾಗಿ ಹಿಡಿಯುತ್ತದೆ. ಕನ್ನಡದ ಹೆಸರಾದರೋ ‘ಬ್ಯಾಡರ’ ಎಂಬಲ್ಲಿಗೆ 18 ಬೈಟುಗಳನ್ನು ಮುಗಿಸಿ, ಹಕಾರದ ಮೊದಲ ಎರಡು ಬೈಟುಗಳನ್ನು ಮಾತ್ರ ಉಳಿಸಿಕೊಂಡು ತುಂಡಾಗಿ ನಿಲ್ಲುತ್ತದೆ. ಆ ಎರಡು ಬೈಟುಗಳು ಯಾವ ಅಕ್ಷರವನ್ನೂ ಸೂಚಿಸಲಾರವು. ಊರಿನ ಹಳ್ಳಿಯೇ ಹಾರಿಹೋಗಿ, ಅದರ ಸ್ಥಾನದಲ್ಲಿ ಅರ್ಥವಿಲ್ಲದ ಒಂದು ಗುರುತು ಮೂಡುತ್ತದೆ.

ಕನ್ನಡ ಸಂಕೇತಗಳು ನಡೆದು ಬಂದ ದಾರಿ

ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾದ ಆಸ್ಕಿ ಎಂಬ ಸಂಕೇತ ಪದ್ಧತಿಯಲ್ಲಿ ಇದ್ದುದು 128 ಸ್ಥಾನಗಳು ಮಾತ್ರ. ಅವು ರೋಮನ್ ಅಕ್ಷರ, ಅಂಕಿ, ಚಿಹ್ನೆಗಳಿಗೇ ಮುಗಿದುಹೋದುವು. ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಸಂಕೇತವನ್ನು ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಅಂಗೀಕರಿಸಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲಕ್ಕೂ ಸಮಾನವಾದ ವರ್ಣಕ್ರಮವಿರುವುದನ್ನು ಆಧರಿಸಿ ಒಂದೇ ಸಂಖ್ಯೆಯು ಕನ್ನಡದ ಬಕಾರವನ್ನೂ ದೇವನಾಗರಿಯ ಬಕಾರವನ್ನೂ ಸೂಚಿಸುವಂತೆ ಅದನ್ನು ರಚಿಸಲಾಗಿತ್ತು. ಯಾವ ಲಿಪಿಯೆಂಬುದನ್ನು ಪ್ರತ್ಯೇಕವಾಗಿ ತಿಳಿಸಬೇಕಾಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಹೊರಬಂದು, ಕನ್ನಡಕ್ಕೆ ತನ್ನದೇ ಆದ ಸ್ಥಾನಸಮೂಹ ದೊರೆಯಿತು.

ಆದರೂ ದಿನಬಳಕೆಯ ಗಣಕಯಂತ್ರಗಳಲ್ಲಿ ಯೂನಿಕೋಡ್ ನೆಲೆಯೂರಲು ಬಹುಕಾಲ ಹಿಡಿಯಿತು. ಈ ನಡುವೆ 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಮೊದಲಾದ ತಂತ್ರಾಂಶಗಳು ಕನ್ನಡಿಗರಿಗೆ ಮಹೋಪಕಾರವನ್ನು ಮಾಡಿದುವು. ಆ ಕಾಲದ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗುತ್ತಿತ್ತು. ಆ ಅಕ್ಷರಶೈಲಿಯು ಇರುವ ಯಂತ್ರದಲ್ಲಿ ಬರಹವು ಸೊಗಸಾದ ಕನ್ನಡವಾಗಿ ಕಾಣುತ್ತಿತ್ತು. ಇಲ್ಲದ ಯಂತ್ರದಲ್ಲಿ ಅದೇ ಬರಹವು ರೋಮನ್ ಅಕ್ಷರಗಳ ಮತ್ತು ವಿಚಿತ್ರ ಚಿಹ್ನೆಗಳ ಕಲಸುಮೇಲೋಗರವಾಗುತ್ತಿತ್ತು. ಬೈಟುಗಳಲ್ಲಿ ಯಾವ ದೋಷವೂ ಇರಲಿಲ್ಲ. ‘ಈ ಬೈಟುಗಳನ್ನು ಇಂತಹ ಸಂಕೇತವೆಂದು ಓದತಕ್ಕದ್ದು’ ಎಂಬ ಸೂಚನೆಯು ಬರಹದ ಜೊತೆಯಲ್ಲಿ ಪ್ರಯಾಣ ಮಾಡುತ್ತಿರಲಿಲ್ಲ, ಅಷ್ಟೆ. ಹಳೆಯ ಕಡತಗಳನ್ನು ತೆರೆದು ನೋಡಿದ ಶಿಕ್ಷಕರಿಗೂ ಮುದ್ರಣಾಲಯದವರಿಗೂ ಈ ತೊಂದರೆಯ ಪರಿಚಯ ಚೆನ್ನಾಗಿಯೇ ಇದೆ.

ಪ್ರಕಾರದ ಮುದ್ರೆ

ಬರಹದ ಜೊತೆಯಲ್ಲಿಯೇ ಅದರ ಪ್ರಕಾರವನ್ನೂ ಕಳುಹಿಸುವ ಶಿಸ್ತು ದೂರಸಂಪರ್ಕ ಕ್ಷೇತ್ರದಲ್ಲಿ 1984ರಿಂದಲೇ ರೂಪುಗೊಂಡಿತು. ‘ಅಬ್‌ಸ್ಟ್ರ್ಯಾಕ್ಟ್ ಸಿಂಟ್ಯಾಕ್ಸ್ ನೋಟೇಶನ್ ಒನ್’, ಸಂಕ್ಷೇಪವಾಗಿ ಎ.ಎಸ್.ಎನ್.1, ಎಂಬ ಆ ಅಂತರರಾಷ್ಟ್ರೀಯ ಪದ್ಧತಿಯ ಪ್ರಚಲಿತ ಬರವಣಿಗೆಯ ಕ್ರಮದಲ್ಲಿ ಪ್ರತಿಯೊಂದು ವಿವರವೂ ಮೂರು ಭಾಗಗಳಾಗಿ ಹೊರಡುತ್ತದೆ: ಮೊದಲು ಪ್ರಕಾರವನ್ನು ಹೇಳುವ ಒಂದು ಗುರುತುಸಂಖ್ಯೆ, ಅನಂತರ ಬೈಟುಗಳ ಲೆಕ್ಕದಲ್ಲಿ ಉದ್ದ, ಕೊನೆಗೆ ಮೂಲ ಬರಹ. ಅಂಚೆಯ ಚೀಲಕ್ಕೆ ಮುದ್ರೆಯನ್ನೂ ತೂಕವನ್ನೂ ಬರೆದು ಕಟ್ಟುವ ರೀತಿಗೆ ಇದನ್ನು ಹೋಲಿಸಬಹುದು.

ಅಕ್ಷರಗಳ ಸಾಲಿಗೆ ಗಣಕ ಪರಿಭಾಷೆಯಲ್ಲಿ ಸ್ಟ್ರಿಂಗ್ ಎಂದು ಹೆಸರು. ಕನ್ನಡದಲ್ಲಿ ಅಕ್ಷರಸರಣಿ ಎನ್ನಬಹುದು. ಈ ಪದ್ಧತಿಯಲ್ಲಿ ಅಕ್ಷರಸರಣಿಗಳಿಗೆ ಹಲವು ಪ್ರಕಾರಗಳಿದ್ದು, ಮುಖ್ಯವಾದವು ಇವು. 18 ಎಂಬ ಗುರುತಿನ ‘ನ್ಯೂಮೆರಿಕ್’ ಸರಣಿಯಲ್ಲಿ ಹತ್ತು ಅಂಕಿಗಳಿಗೂ ತೆರಪಿಗೂ ಮಾತ್ರ ಎಡೆಯುಂಟು. 19ರ ‘ಪ್ರಿಂಟಬಲ್’ ಸರಣಿಯಲ್ಲಿ ರೋಮನ್ ಅಕ್ಷರ, ಅಂಕಿ, ತೆರಪು ಮತ್ತು ಕೆಲವೇ ಚಿಹ್ನೆಗಳು ಸೇರಿ ಒಟ್ಟು 74 ವರ್ಣಗಳಿವೆ. ಮಿಂಚಂಚೆಯ ವಿಳಾಸದಲ್ಲಿ ಬರುವ ‘ಅಟ್’ ಚಿಹ್ನೆಗೂ ಅಲ್ಲಿ ಸ್ಥಳವಿಲ್ಲ. 22ರ ‘ಐಎ5’ ಸರಣಿಯು ಆಸ್ಕಿಯ 128 ಸ್ಥಾನಗಳನ್ನು ಒಳಗೊಂಡುದು. 12ರ ‘ಯುಟಿಎಫ್-8’ ಸರಣಿಯು ಯೂನಿಕೋಡ್‌ನ ಎಲ್ಲ ಲಿಪಿಗಳಿಗೂ ಬಾಗಿಲು ತೆರೆದುದು. 30ರ ‘ಬಿಎಂಪಿ’ ಸರಣಿಯು ಪ್ರತಿಯೊಂದು ಘಟಕಕ್ಕೂ ಎರಡೆರಡು ಬೈಟುಗಳನ್ನು ಕೊಡುವಂಥದು.

ಈಗ ಬ್ಯಾಡರಹಳ್ಳಿಯ ಹೆಸರು ಹೇಗೆ ಹೊರಡುತ್ತದೆಂದು ನೋಡಬಹುದು. ರೋಮನ್ ಲಿಪಿಯಲ್ಲಿ ಪ್ರಿಂಟಬಲ್ ಆಗಿ ಬರೆದಾಗ ಸಾಲು 19, 12 ಎಂದು ಆರಂಭವಾಗುತ್ತದೆ. ಅಂದರೆ ಪ್ರಕಾರ 19, ಉದ್ದ 12. ಕನ್ನಡದಲ್ಲಿ ಯುಟಿಎಫ್-8 ಆಗಿ ಬರೆದಾಗ 12, 33, 224, 178, 172 ಎಂದು ಮುಂದುವರಿಯುತ್ತದೆ. ಅದೇ ಕನ್ನಡವನ್ನು ಬಿಎಂಪಿ ಆಗಿ ಬರೆದರೆ 30, 22, 12, 172 ಎಂದಾಗುತ್ತದೆ. ಊರು ಒಂದೇ, ಮೊದಲ ಬೈಟೇ ಮೂರು ಬಗೆ. ಓದುವ ಯಂತ್ರವು ಆ ಮೊದಲ ಬೈಟನ್ನು ನಂಬಿಯೇ ಮುಂದಿನದನ್ನು ಅರ್ಥಮಾಡಿಕೊಳ್ಳುವುದರಿಂದ ಅಲ್ಲಿ ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ಊಹೆಗೆ ಬಿಟ್ಟರೆ ಆಗುವುದೇನು?

ಈ ಮುದ್ರೆಯನ್ನು ಒತ್ತುವವರು ಯಾರು ಎಂಬ ಪ್ರಶ್ನೆಗೆ ‘ಗೋ’ ಎಂಬ ಕ್ರಮವಿಧಿ ಭಾಷೆಯು ಉತ್ತಮ ನಿದರ್ಶನವನ್ನು ಒದಗಿಸುತ್ತದೆ. 2009ರಲ್ಲಿ ಗೂಗಲ್ ಸಂಸ್ಥೆಯು ಪ್ರಕಟಿಸಿದ ಈ ಭಾಷೆಯ ಮೂವರು ರೂಪಕರ್ತರಲ್ಲಿ ರಾಬರ್ಟ್ ಗ್ರೀಸ್‌ಮರ್ ಅವರ ಜೊತೆಗೆ, ಯುಟಿಎಫ್-8ನ್ನು ಕಂಡುಹಿಡಿದ ಥಾಂಪ್ಸನ್ ಮತ್ತು ಪೈಕ್ ಅವರೂ ಇದ್ದುದು ಗಮನಾರ್ಹ. ಅದರಲ್ಲಿ ಎ.ಎಸ್.ಎನ್.1 ಪದ್ಧತಿಯಂತೆ ಬರೆಯುವ ಸಲಕರಣೆಯು ಸಿದ್ಧವಾಗಿಯೇ ದೊರೆಯುತ್ತದೆ. ಕ್ರಮವಿಧಿಕಾರರು ಒಂದು ಅಂಕಣವನ್ನು ಬರಿದೆ ‘ಅಕ್ಷರಸರಣಿ’ ಎಂದು ಘೋಷಿಸಿ ಬಿಟ್ಟರೆ, ಸಲಕರಣೆಯು ಅದರೊಳಗಿನ ಬರಹವನ್ನು ಪರೀಕ್ಷಿಸುತ್ತದೆ. ಎಲ್ಲ ವರ್ಣಗಳೂ ಪ್ರಿಂಟಬಲ್ ಗುಂಪಿಗೆ ಸೇರಿದ್ದರೆ 19ರ ಮುದ್ರೆ. ಒಂದಾದರೂ ಹೊರಗಿದ್ದರೆ 12ರ ಮುದ್ರೆ.

ಇದು ಜಾಣತನದ ಏರ್ಪಾಡೆಂದು ತೋರುವುದು ಸಹಜ. ಆದರೆ ಇದರ ಪರಿಣಾಮವನ್ನು ವಿಚಾರಿಸಬೇಕು. ಒಂದೇ ಪಟ್ಟಿಯ ಒಂದೇ ಅಂಕಣದಲ್ಲಿ ರೋಮನ್ ಹೆಸರಿನ ವಿದ್ಯಾರ್ಥಿಗೆ ಒಂದು ಮುದ್ರೆ, ಕನ್ನಡ ಹೆಸರಿನ ವಿದ್ಯಾರ್ಥಿಗೆ ಇನ್ನೊಂದು ಮುದ್ರೆ ಬೀಳುತ್ತದೆ. ಸ್ವೀಕರಿಸುವ ಕಛೇರಿಯ ನಿಯಮವು ‘ಈ ಅಂಕಣವು ಯುಟಿಎಫ್-8 ಆಗಿರತಕ್ಕದ್ದು’ ಎಂದಿದ್ದರೆ ರೋಮನ್ ಹೆಸರು ತಿರಸ್ಕೃತವಾಗಬಹುದು. ‘ಪ್ರಿಂಟಬಲ್ ಆಗಿರತಕ್ಕದ್ದು’ ಎಂದಿದ್ದರೆ ಕನ್ನಡದ ಹೆಸರು ತಿರಸ್ಕೃತವಾಗುತ್ತದೆ. ಕ್ರಮವಿಧಿಕಾರರು ತಮ್ಮ ಪರೀಕ್ಷೆಯನ್ನು ರೋಮನ್ ಹೆಸರುಗಳಿಂದಲೇ ನಡೆಸಿದ್ದರೆ ಎಲ್ಲವೂ ಸರಿಯಾಗಿದೆಯೆಂದು ಭಾವಿಸಿ ಕೆಲಸವನ್ನು ಒಪ್ಪಿಸಿಬಿಡುತ್ತಾರೆ. ದೋಷವು ಪ್ರಕಟವಾಗುವುದು ಮೊದಲನೆಯ ಕನ್ನಡ ಹೆಸರು ಬಂದ ದಿನ. ಆಗ ತೊಂದರೆಗೆ ಸಿಕ್ಕುವವರು ಆ ಹೆಸರಿನ ವಿದ್ಯಾರ್ಥಿಯೇ ಹೊರತು ಪಟ್ಟಿಯನ್ನು ರಚಿಸಿದವರಲ್ಲ.

ಇದಕ್ಕೆ ಪರಿಹಾರವೂ ಅದೇ ಭಾಷೆಯಲ್ಲಿಯೇ ಇದೆ. ಪ್ರತಿಯೊಂದು ಅಂಕಣದ ಘೋಷಣೆಯ ಪಕ್ಕದಲ್ಲಿ ‘ಯುಟಿಎಫ್8’, ‘ಪ್ರಿಂಟಬಲ್’, ‘ಐಎ5’, ‘ನ್ಯೂಮೆರಿಕ್’ ಎಂಬ ಪಟ್ಟಿಚೀಟಿಗಳಲ್ಲಿ ತಕ್ಕುದನ್ನು ಬರೆದರೆ ಸಲಕರಣೆಯು ಊಹೆಯನ್ನು ಬಿಟ್ಟು ಆಜ್ಞೆಯನ್ನು ಪಾಲಿಸುತ್ತದೆ. ನಿಷಿದ್ಧವಾದ ವರ್ಣವು ಒಳಬಂದರೆ ಸದ್ದಿಲ್ಲದೆ ಪ್ರಕಾರವನ್ನು ಬದಲಾಯಿಸುವುದಕ್ಕೆ ಬದಲಾಗಿ ದೋಷವನ್ನು ಸಾರಿ ಹೇಳಿ ನಿಲ್ಲುತ್ತದೆ. ಮಿಂಚಂಚೆಯ ವಿಳಾಸದ ಪ್ರಸಂಗದಲ್ಲಿ ಇದರ ಅಗತ್ಯವು ಇನ್ನೂ ಚೆನ್ನಾಗಿ ತಿಳಿಯುತ್ತದೆ. ‘ಅಟ್’ ಚಿಹ್ನೆಯನ್ನು ಕಂಡ ಸಲಕರಣೆಯು ತನ್ನ ಪಾಡಿಗೆ ಯುಟಿಎಫ್-8 ಎಂದು ಊಹಿಸುತ್ತದೆ. ವಿದ್ಯುನ್ಮಾನ ಪ್ರಮಾಣಪತ್ರಗಳ ನಿಯಮಾವಳಿಯಾದರೋ ಹೆಸರಿನ ಭಾಗವಾಗಿ ಬರುವ ಆ ವಿಳಾಸವು ಐಎ5 ಸರಣಿಯಾಗಿರಬೇಕೆಂದು ವಿಧಿಸುತ್ತದೆ. ಯಾವ ಪ್ರಕಾರದ ವಸ್ತುವನ್ನಾದರೂ ಇಡಬಹುದಾದ ಮುಕ್ತ ಅಂಕಣಗಳಲ್ಲಿ ಪಟ್ಟಿಚೀಟಿಯನ್ನು ಅಂಟಿಸಲು ಆಸ್ಪದವಿರುವುದಿಲ್ಲ. ಅಂತಹ ಕಡೆ ಗುರುತುಸಂಖ್ಯೆಯನ್ನೂ ಬೈಟುಗಳನ್ನೂ ತಾವೇ ಜೋಡಿಸಿ ‘ಕಚ್ಚಾ ಮೌಲ್ಯ’ವಾಗಿ ಒಪ್ಪಿಸುವ ದಾರಿಯಿದೆ.

ಸಹಿಯ ಸಿಂಧುತ್ವ

ಈ ಸೂಕ್ಷ್ಮಗಳಿಗೆ ಕಾನೂನಿನ ಮಹತ್ವವೂ ಉಂಟು. ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮೇಲೆ ವಿದ್ಯುನ್ಮಾನ ಸಹಿಗೆ ಮಾನ್ಯತೆ ದೊರೆಯಿತು. ಇಂತಹ ಸಹಿಯನ್ನು ಕಾಗದದ ಸಹಿಯಂತೆ ಬರಹದ ಕೆಳಗೆ ಹಾಕುವುದಿಲ್ಲ. ಬರಹದ ಬೈಟುಗಳೆಲ್ಲವನ್ನೂ ಗಣಿತದ ಕ್ರಮದಿಂದ ಅರೆದು ತೆಗೆದ ಒಂದು ಸಾರಸಂಖ್ಯೆಯ ಮೇಲೆ ಹಾಕಲಾಗುತ್ತದೆ. ಒಂದೇ ಒಂದು ಬೈಟು ಬದಲಾದರೂ ಸಾರಸಂಖ್ಯೆಯು ಸಂಪೂರ್ಣವಾಗಿ ಬೇರೆಯಾಗುತ್ತದೆ. ಪತ್ರವೊಂದನ್ನು ಓದಿ, ಏನನ್ನೂ ತಿದ್ದದೆ, ಮತ್ತೆ ಬರೆದು ಕಳುಹಿಸುವ ನಡುವಣ ಕಛೇರಿಯನ್ನು ಭಾವಿಸಿಕೊಳ್ಳಬಹುದು. ಬಂದಾಗ 12 ಎಂದಿದ್ದ ಮುದ್ರೆಯು ಹೋಗುವಾಗ ಯಂತ್ರದ ಊಹೆಯಿಂದ 19 ಎಂದಾದರೆ, ಕಣ್ಣಿಗೆ ಕಾಣುವ ಒಂದು ಅಕ್ಷರವೂ ಬದಲಾಗದಿದ್ದರೂ ಸಹಿಯು ಅಸಿಂಧುವಾಗುತ್ತದೆ. ಸಹಿ ಬಿದ್ದ ಭಾಗವನ್ನು ಮರಳಿ ರಚಿಸದೆ, ಬಂದ ಬೈಟುಗಳನ್ನೇ ಹಾಗೆಯೇ ಕಾಪಾಡಿಕೊಳ್ಳಬೇಕೆಂಬ ನಿಯಮವು ಇದರಿಂದಲೇ ಹುಟ್ಟಿದುದು.

ಪ್ರಮಾಣಪತ್ರವನ್ನು ಕೊಟ್ಟವರ ಹೆಸರಿನ ವಿಷಯದಲ್ಲಿಯೂ ಹೀಗೆಯೇ. ಕೆಲವು ತಂತ್ರಾಂಶಗಳು ಎರಡು ಪತ್ರಗಳಲ್ಲಿರುವ ಹೆಸರುಗಳನ್ನು ಬೈಟಿಗೆ ಬೈಟು ಹೋಲಿಸುತ್ತವೆ. ಒಂದರಲ್ಲಿ ಪ್ರಿಂಟಬಲ್, ಇನ್ನೊಂದರಲ್ಲಿ ಯುಟಿಎಫ್-8 ಇದ್ದರೆ ಅಕ್ಷರಗಳು ಒಂದೇ ಆಗಿದ್ದರೂ ಅವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳೆಂದೇ ತೀರ್ಮಾನವಾಗುತ್ತದೆ.

ಒಂದೇ ರೂಪ, ಎರಡು ಬರಹ

ಪ್ರಕಾರವನ್ನು ನಿಶ್ಚಯಿಸಿದ ಮಾತ್ರಕ್ಕೆ ಕನ್ನಡದ ಸಮಸ್ಯೆಗಳೆಲ್ಲವೂ ಬಗೆಹರಿಯುವುದಿಲ್ಲ. ಬ್ಯಾಡರಹಳ್ಳಿಗೆ ಸಮೀಪದ ಗೊಲ್ಲರಹಟ್ಟಿಯ ಹೆಸರನ್ನು ನೋಡಬಹುದು. ಅದರ ಮೊದಲಕ್ಷರದ ಒಕಾರದ ಚಿಹ್ನೆಗೆ 3274 ಎಂಬ ಒಂದೇ ಸಂಖ್ಯೆಯಿದೆ. ಅದೇ ಚಿಹ್ನೆಯನ್ನು ಎಕಾರದ ಚಿಹ್ನೆ 3270 ಮತ್ತು ಊಕಾರದ ಚಿಹ್ನೆ 3266 ಇವುಗಳನ್ನು ಕೂಡಿಸಿಯೂ ಬರೆಯಲು ಸಾಧ್ಯ. ಪರದೆಯ ಮೇಲೆ ಎರಡೂ ಒಂದೇ ರೂಪ. ಒಳಗೆ ಒಂದರಲ್ಲಿ 33 ಬೈಟು, ಇನ್ನೊಂದರಲ್ಲಿ 36. ಹುಡುಕುವ ಯಂತ್ರಕ್ಕೆ ಇವು ಎರಡು ಊರುಗಳು. ಇವೆರಡೂ ಸಮಾನವೆಂದು ಯೂನಿಕೋಡ್ ಸ್ಪಷ್ಟವಾಗಿ ಸಾರಿದ್ದು, ಕೂಡಿದ ರೂಪಕ್ಕೆ ತರುವ ಕ್ರಮವನ್ನೂ ನಿಗದಿಪಡಿಸಿದೆ. ಪಟ್ಟಿಗೆ ಸೇರಿಸುವ ಮೊದಲೇ ಹೆಸರುಗಳನ್ನು ಆ ರೂಪಕ್ಕೆ ತಂದುಕೊಂಡರೆ ತೊಡಕು ತಪ್ಪುತ್ತದೆ.

ಹಾಗಾದರೆ ರೋಮನ್ ಲಿಪಿಯನ್ನೇ ನೆಚ್ಚಿಕೊಳ್ಳುವುದು ಕ್ಷೇಮವಲ್ಲವೇ ಎಂದು ಕೇಳುವವರುಂಟು. ಅಲ್ಲಿಯೂ ಕ್ಷೇಮವಿಲ್ಲ. ಬ್ಯಾಡರಹಳ್ಳಿಯ ‘ಬ್ಯಾ’ ಎಂಬ ಧ್ವನಿಯನ್ನು ರೋಮನ್ ಲಿಪಿಯಲ್ಲಿ ಒಬ್ಬರು ಬಿ, ವೈ, ಎ ಎಂದು ಬರೆದರೆ ಮತ್ತೊಬ್ಬರು ಬಿ, ವೈ ಎಂದಷ್ಟೇ ಬರೆಯುತ್ತಾರೆ. 2014ರ ನವೆಂಬರ್ 1ರಂದು ರಾಜ್ಯದ ರಾಜಧಾನಿಯ ಮತ್ತು ಮೈಸೂರಿನ ರೋಮನ್ ಕಾಗುಣಿತಗಳು ಅಧಿಕೃತವಾಗಿ ಬದಲಾದುವು; ಕನ್ನಡದ ‘ಬೆಂಗಳೂರು’, ‘ಮೈಸೂರು’ ಎಂಬ ಬರಹಗಳಲ್ಲಿ ಒಂದು ಕೊಂಬೂ ಬದಲಾಗಲಿಲ್ಲ. ದೀರ್ಘಕಾಲ ಉಳಿಯಬೇಕಾದ ದಾಖಲೆಗೆ ಯಾವುದು ಹೆಚ್ಚು ಸ್ಥಿರವೆಂಬುದನ್ನು ಇದರಿಂದ ಊಹಿಸಬಹುದು.

ಅಂಕಿಗಳೆಲ್ಲವೂ ಸಂಖ್ಯೆಗಳಲ್ಲ

ಅಂಕಿಗಳಿಂದ ಕೂಡಿದ ವಿವರಗಳಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. ಬೆಂಗಳೂರಿನ ದೂರವಾಣಿಯ 080 ಎಂಬ ಸಂಕೇತವನ್ನು ಸಂಖ್ಯೆಯೆಂದು ಭಾವಿಸಿದ ಯಂತ್ರವು ಮೊದಲ ಸೊನ್ನೆಯನ್ನು ನುಂಗಿ 80 ಎಂದು ಇಡುತ್ತದೆ. 0047 ಎಂಬ ದಾಖಲಾತಿ ಸಂಖ್ಯೆಯು 47 ಆಗುತ್ತದೆ. 5/3 ಎಂಬ ಮನೆಯ ಸಂಖ್ಯೆಯು ಲೆಕ್ಕಪಟ್ಟಿಯ ತಂತ್ರಾಂಶದಲ್ಲಿ ತಿಂಗಳು ದಿನಾಂಕವಾಗಿ ಮಾರ್ಪಡುವುದೂ ಉಂಟು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರು ಅಂಕಿಗಳ ಪಿನ್ ಕೋಡನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅದು ಅಂಕಿಗಳ ವೇಷದಲ್ಲಿರುವ ಹೆಸರು. ಕೂಡಿ ಕಳೆಯುವ ಪ್ರಸಂಗವಿಲ್ಲದ ಅಂಕಿಗಳನ್ನು ಅಕ್ಷರಸರಣಿಯಾಗಿ ಇಡುವುದೇ ಸಾಧು. ಆದರೆ 560091 ಎಂಬುದನ್ನು ಯಾರಾದರೂ ಕನ್ನಡದ ಅಂಕಿಗಳಲ್ಲಿ ೫೬೦೦೯೧ ಎಂದು ಬರೆದರೆ ನ್ಯೂಮೆರಿಕ್ ಸರಣಿಯು ಅದನ್ನು ಸ್ವೀಕರಿಸದು. ಮುದ್ರಿತ ಪತ್ರದಲ್ಲಿ ಕನ್ನಡದ ಅಂಕಿಗಳು ಶೋಭಿಸಲಿ. ಸಂಗ್ರಹದಲ್ಲಿ ಒಂದೇ ಬಗೆಯ ಅಂಕಿಗಳಿರಲಿ.

ಶಾಲೆಗಳು ಮಾಡಬಹುದಾದುದು

ತಮ್ಮ ಹಳೆಯ ದಾಖಲಾತಿ ಪುಸ್ತಕಗಳನ್ನು ಗಣಕಯಂತ್ರಕ್ಕೆ ಏರಿಸಲು ಹೊರಟ ವಿದ್ಯಾಸಂಸ್ಥೆಗಳು ಯಂತ್ರವನ್ನು ಕೊಳ್ಳುವುದಕ್ಕಿಂತ ಮೊದಲು ಒಂದು ಹಾಳೆಯ ಮೇಲೆ ಅಂಕಣಗಳ ಪಟ್ಟಿಯನ್ನು ಬರೆಯುವುದು ಶ್ರೇಯಸ್ಕರ. ವಿದ್ಯಾರ್ಥಿಯ ಹೆಸರು ಕನ್ನಡದಲ್ಲಿ, ಪ್ರಕಾರ ಯುಟಿಎಫ್-8, ಅದೇ ಹೆಸರು ರೋಮನ್ ಲಿಪಿಯಲ್ಲಿ, ಬೇರೆಯೇ ಅಂಕಣದಲ್ಲಿ, ಊರು ಕನ್ನಡದಲ್ಲಿ, ಪಿನ್ ಕೋಡು ಮತ್ತು ದಾಖಲಾತಿ ಸಂಖ್ಯೆ ಅಂಕಿಗಳ ಸರಣಿಯಾಗಿ, ದಿನಾಂಕಕ್ಕೆ ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮ. ಉದ್ದದ ಮಿತಿಯನ್ನು ಹೇಳುವಲ್ಲಿ ಅದು ಬೈಟುಗಳ ಲೆಕ್ಕವೋ ಘಟಕಗಳ ಲೆಕ್ಕವೋ ಎಂಬುದನ್ನು ಸ್ಪಷ್ಟಪಡಿಸಬೇಕು. ಕೆಲಸವನ್ನು ಒಪ್ಪಿಸಿಕೊಳ್ಳುವಾಗ ಪರೀಕ್ಷೆಗೆ ಬ್ಯಾಡರಹಳ್ಳಿ, ಗೊಲ್ಲರಹಟ್ಟಿಯಂತಹ ಒತ್ತಕ್ಷರಗಳುಳ್ಳ ಹೆಸರುಗಳನ್ನೇ ಕೊಟ್ಟು, ಅವು ಹೋದಂತೆಯೇ ಮರಳಿ ಬರುತ್ತವೆಯೇ ಎಂದು ನೋಡಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಬೇಕಾದುದು ಒಂದು ದಿನದ ವಿವೇಚನೆ ಮಾತ್ರ. ಗಣಕಯಂತ್ರಗಳಿಗಾಗಿ ಧನಸಹಾಯವನ್ನು ನೀಡುವ ಮಹನೀಯರೂ ಈ ಹಾಳೆಯು ಸಿದ್ಧವಾಗಿದೆಯೇ ಎಂದು ವಿಚಾರಿಸಿದರೆ ಅವರ ಕೊಡುಗೆಯು ಹೆಚ್ಚು ಸಾರ್ಥಕವಾಗುವುದು.

ಹಿಂದಿನ ಕಾಲದ ಗುಮಾಸ್ತರು ಹೊಸ ಪುಸ್ತಕವನ್ನು ತೆರೆದಾಗ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಗೆರೆ ಎಳೆದು ಅಂಕಣಗಳಿಗೆ ತಲೆಬರಹವನ್ನು ಬರೆಯುವುದು. ಯಾವ ಅಂಕಣದಲ್ಲಿ ಏನಿರಬೇಕೆಂಬುದನ್ನು ಬರುವ ಹೆಸರುಗಳನ್ನು ನೋಡಿ ಅವರು ನಿರ್ಧರಿಸುತ್ತಿರಲಿಲ್ಲ. ಗಣಕಯಂತ್ರಕ್ಕೂ ಆ ತಲೆಬರಹವನ್ನು ಮನುಷ್ಯರೇ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟಲ್ಲಿ, ಮುಂದೆ ಎಷ್ಟೇ ವರ್ಷಗಳ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ದಾಖಲೆಯನ್ನು ಕೇಳಿ ಬಂದರೂ ಅವನ ಹೆಸರೂ ಅವನ ಊರಿನ ಹೆಸರೂ ಒಂದು ಒತ್ತಕ್ಷರವೂ ಮುಕ್ಕಾಗದೆ ಅವನ ಕೈಸೇರುವುವು.